ಎಲೆ ಬಿಟ್ಟು ಎದ್ದ ಮಾವ

ನಮಸ್ಕಾರ. ‘ಬಂಗಾರದ ಮನುಷ್ಯ’ ನೋಡದವರು ಇಲ್ಲಿ ಯಾರಾದರೂ ಇದ್ದರೆ ಈಗಲೇ ಕ್ಷಮೆ ಕೇಳಿಬಿಡುತ್ತೇನೆ. ಕೊನೆಯ ದೃಶ್ಯದ ಗುಟ್ಟು ಬಿಚ್ಚಿಡದೆ ನನಗೆ ಈ ಸಿನಿಮಾ ಬಗ್ಗೆ ಮಾತಾಡಲು ಬರುವುದಿಲ್ಲ.

1972ರಲ್ಲಿ ಬಂದ ಚಿತ್ರ. ಕಾದಂಬರಿ ಟಿ.ಕೆ. ರಾಮರಾವ್ ಅವರದು, ನಿರ್ದೇಶನ ಸಿದ್ದಲಿಂಗಯ್ಯನವರದು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಇದನ್ನು ನೋಡಿ ಪಟ್ಟಣ ಸೇರಿದ್ದ ಹುಡುಗರು ಬೇಸಾಯ ಮಾಡಲು ಊರಿಗೆ ವಾಪಸ್ ಬಂದರಂತೆ. ಈ ಮಾತನ್ನು ನೀವು ನೂರು ಸಲ ಕೇಳಿರುತ್ತೀರಿ, ಬಿಡಿ.

ನನ್ನ ಸೋಜಿಗವೇ ಬೇರೆ. ಈ ಸಿನಿಮಾ ಹೆಸರು ಎತ್ತಿದರೆ ಸಾಕು, ಜನರ ಮುಖ ಅರಳುತ್ತದೆ. ಪಿ.ಬಿ. ಶ್ರೀನಿವಾಸ್ ಹಾಡಿದ ‘ನಗು ನಗುತಾ ನಲಿ’ ತಾನಾಗಿ ಬಾಯಿಗೆ ಬರುತ್ತದೆ. ‘ಆಗದು ಎಂದು’ ಹಾಡು ನೆನಪಾದರೆ ವಿಶ್ವೇಶ್ವರಯ್ಯ, ಕನ್ನಂಬಾಡಿ ಎಲ್ಲ ಕಣ್ಣ ಮುಂದೆ. ಆದರೆ ಕತೆಯಲ್ಲಿ ನಡೆಯುವುದೇನು? ಭಾವ ಸತ್ತು ಅಕ್ಕನ ಸಂಸಾರ ಬೀದಿಗೆ ಬೀಳುವ ಹೊತ್ತಿಗೆ ತಮ್ಮ ರಾಜೀವ, ಅಂದರೆ ನಮ್ಮ ರಾಜ್‌ಕುಮಾರ್, ಬರುತ್ತಾನೆ. ಬರಡು ನೆಲದಲ್ಲಿ ಬಂಗಾರ ಬೆಳೆಯುತ್ತಾನೆ. ಕೈಹಿಡಿದ ಲಕ್ಷ್ಮಿ ಸಾಯುತ್ತಾಳೆ. ಎತ್ತಿ ಆಡಿಸಿದ ಅಕ್ಕನ ಮಗನೇ ಕೊನೆಗೆ ಅವನನ್ನು ಅನುಮಾನಿಸುತ್ತಾನೆ. ಕೈ ಕೆಸರಾದದ್ದು ಇವನದು, ಮೊಸರು ಬಿದ್ದದ್ದು ಬೇರೆಯವರ ಎಲೆಗೆ.

ಇಷ್ಟು ನೋವಿನ ಕತೆಯನ್ನು ನಾವು ಸುಖದ ಸಿನಿಮಾ ಅಂತ ನೆನಪಿಟ್ಟುಕೊಂಡಿದ್ದೇವೆ, ವಿಚಿತ್ರ ಅಲ್ವಾ? ಕೊನೆಯ ರೀಲನ್ನು ನಮ್ಮ ನೆನಪೇ ಕತ್ತರಿಸಿ ಪಕ್ಕಕ್ಕಿಟ್ಟಿದೆ. ಹಾಗಾಗಿ ಪ್ರತಿ ಸಲ ನೋಡುವಾಗಲೂ ಆ ಏಟು ಹೊಸದಾಗಿಯೇ ಬೀಳುತ್ತದೆ. ಹಳೆಯ ಹಳ್ಳಿ, ಕೂಡು ಕುಟುಂಬದ ಮೇಲಿನ ಹಂಬಲ ನಮ್ಮನ್ನು ಮತ್ತೆ ಎಳೆಯುತ್ತದೆ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೂಡು ಕುಟುಂಬ ಎಷ್ಟು ಚುಚ್ಚಬಲ್ಲದು ಅಂತ ಇದೇ ಸಿನಿಮಾ ತೋರಿಸುತ್ತದಲ್ಲ! ನಮ್ಮನ್ನು ಎಳೆಯುವುದು ತೀರದ ಒಂದು ಋಣ.

ಆ ದೃಶ್ಯ ನೆನಪಿಸಿಕೊಳ್ಳಿ. ರಾಜೀವ ಊಟಕ್ಕೆ ಕೂತಿದ್ದಾನೆ. ಮಾತು ಚುಚ್ಚುತ್ತದೆ. ರಾಜ್‌ಕುಮಾರ್ ಅಲ್ಲಿ ಕೂಗಾಡಿದ್ದರೆ, ನಾನು ಮಾಡಿದ್ದಿಷ್ಟು ಅಂತ ಲೆಕ್ಕ ಒಪ್ಪಿಸಿದ್ದರೆ, ನಮಗೂ ಹಗುರಾಗುತ್ತಿತ್ತು. ಅವನು ಎದ್ದು ಹೊರಟುಬಿಡುತ್ತಾನೆ, ಅಷ್ಟೇ. ಊಟಕ್ಕೆ ಕೂತವರನ್ನು ಎಬ್ಬಿಸಬಾರದು ಅಂತ ಕೇಳಿ ಬೆಳೆದವರು ನಾವು. ಆ ಮನೆಯ ಅನ್ನ ಬೆಳೆದವನೇ ಅನ್ನದ ಮುಂದಿನಿಂದ ಏಳುವುದನ್ನು ಹೇಗೆ ತಡೆದುಕೊಳ್ಳುವುದು?

ನಮ್ಮ ದೊಡ್ಡಮ್ಮ ಟೀವಿಯಲ್ಲಿ ಇದು ಬಂದಾಗಲೆಲ್ಲ ನೋಡುತ್ತಿದ್ದರು. ಸರಿಯಾಗಿ ಆ ಊಟದ ಹೊತ್ತಿಗೆ, “ಹಾಲು ಒಲೆ ಮೇಲಿದೆ ಕಣೋ” ಅಂತ ಎದ್ದು ಹೋಗುತ್ತಿದ್ದರು. ನಾನೊಮ್ಮೆ ಸುಮ್ನೆ ಹಿಂದೆ ಹೋಗಿ ನೋಡಿದೆ. ಒಲೆ ಹಚ್ಚೇ ಇರಲಿಲ್ಲ. ಕಟ್ಟೆಗೆ ಒರಗಿ ನಿಂತಿದ್ದರು. ನನ್ನನ್ನು ನೋಡಿ, “ಹೋದ್ನಾ?” ಅಂತ ಕೇಳಿದರು.