ಕರುಳಿದ್ದವಳೇ ಕಳಿಸಿದ್ದು ಸ್ವಾಮಿ!

ನಮಸ್ಕಾರ, ಬನ್ನಿ ಬನ್ನಿ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪ್ ವಿಡಿಯೊ ನೋಡಿದವರಿಗೆ ಥ್ಯಾಂಕ್ಸ್. ನೋಡದವರಿಗೆ ಲಿಂಕ್ ಕೆಳಗಿದೆ. ಈಗ ಬೇಡ, ಇದು ಮುಗಿದ ಮೇಲೆ ಒತ್ತಿ. ಅದರಲ್ಲಿ ಥುಕ್ಪಾ, ಅಂದರೆ ಟಿಬೆಟನ್ ನೂಡಲ್ ಸೂಪ್ ಬಗ್ಗೆ ಹತ್ತು ನಿಮಿಷ ಕೊರೆದಿದ್ದೆ, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಅಲ್ಲಿನ ಟಿಬೆಟನ್ ಶಾಲೆಯಲ್ಲಿ ಓದಿದ ಎಷ್ಟೋ ಮಕ್ಕಳು ಅಪ್ಪ ಅಮ್ಮನ್ನ ಚೀನಾದ ಹಿಡಿತದಲ್ಲಿರುವ ಟಿಬೆಟ್‌ನಲ್ಲೇ ಬಿಟ್ಟು, ಹಿಮಾಲಯ ನಡೆದು ದಾಟಿ ಬಂದವರು ಅಂತ ಅರ್ಧ ನಿಮಿಷ ಹೇಳಿದೆ ನೋಡಿ, ಶುರುವಾಯಿತು. ಒಬ್ಬರು ಬರೆದಿದ್ದಾರೆ: "ಏಳು ವರ್ಷದ ಮಗೂನ ಒಂಟಿಯಾಗಿ ಕಳಿಸೋಳು ತಾಯೀನಾ? ಕರುಳೇ ಇಲ್ವಾ?" ಅದಕ್ಕೆ ಬಿದ್ದಷ್ಟು ಲೈಕು ನನ್ನ ವಿಡಿಯೊಗೂ ಬಿದ್ದಿಲ್ಲ. ಹೊಟ್ಟೆ ಉರಿಯುತ್ತೆ, ಅಲ್ವಾ?

ಅದಕ್ಕೇ ಇವತ್ತು ಒಂದೇ ಮಾತು. ಕರುಳು ಇತ್ತು, ಇದ್ದಿದ್ದಕ್ಕೇ ಕಳಿಸಿದಳು.

ಮೊದಲು ದಾರಿ ಎಂಥದ್ದು ಅಂತ ತಿಳಿದುಕೊಳ್ಳಿ. ಟಿಬೆಟ್‌ನಿಂದ ನೇಪಾಳಕ್ಕೆ ನಂಗ್ಪಾ ಲಾ ಅಂತ ಒಂದು ಕಣಿವೆ ದಾರಿ ಇದೆ. ಚೋ ಓಯು ಪರ್ವತದ ಪಕ್ಕ, ಸುಮಾರು 5,700 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಲ್ಲಿ ಕಾರಿಳಿದು ಮೆಟ್ಟಿಲು ಹತ್ತಿದ್ದಕ್ಕೇ ನಾನು ಸ್ಟೇಟಸ್ ಹಾಕಿದ್ದೆ. ಈ ಮಕ್ಕಳು ಹಗಲು ಬಂಡೆ ಸಂದಿಯಲ್ಲಿ ಅಡಗಿ, ರಾತ್ರಿ ನಡೆಯುತ್ತಿದ್ದರು. ಕಾವಲು ಕಡಿಮೆ ಅಂತ ಚಳಿಗಾಲವನ್ನೇ ಆರಿಸಿಕೊಂಡು ಹೊರಡುತ್ತಿದ್ದವರು ಎಷ್ಟೋ ಜನ. ತಿನ್ನೋಕೆ ತ್ಸಂಪಾ, ಅಂದರೆ ಹುರಿದ ಬಾರ್ಲಿ ಹಿಟ್ಟು. ಕಾಲಿಗೆ ಕ್ಯಾನ್ವಾಸ್ ಶೂ. ಹಿಮದಲ್ಲಿ ಅದು ನೆನೆಯುತ್ತೆ, ರಾತ್ರಿ ಕಾಲಿಗಂಟಿಕೊಂಡೇ ಹೆಪ್ಪುಗಟ್ಟುತ್ತೆ. ಬೆರಳು ಮೊದಲು ನೋಯುತ್ತೆ. ಆಮೇಲೆ ನೋವು ನಿಲ್ಲುತ್ತೆ. ನಿಂತಿತು ಅಂದರೆ ಕೆಟ್ಟಿತು ಅಂತಲೇ ಲೆಕ್ಕ. ಕಠ್ಮಂಡು ಮುಟ್ಟಿದ ಮೇಲೆ ಕಪ್ಪಗಾದ ಕಾಲ್ಬೆರಳು ಕತ್ತರಿಸಬೇಕಾಗಿ ಬಂದ ಮಕ್ಕಳಿದ್ದಾರೆ.

ಜೊತೆಗೆ ಯಾರು? ದುಡ್ಡು ತಗೊಂಡು ದಾರಿ ತೋರಿಸುವವನೊಬ್ಬ, ಗುರುತಿಲ್ಲದ ಒಂದಷ್ಟು ಜನ. ಎಷ್ಟೋ ಮಕ್ಕಳಿಗೆ ನೆಂಟರ ಮನೆಗೆ ಹೋಗ್ತಿದ್ದೀಯ ಅಂತಷ್ಟೇ ಹೇಳಿರುತ್ತಿದ್ದರು. ದಾರಿಯಲ್ಲಿ ಯಾರಾದರೂ ಹಿಡಿದು ಕೇಳಿದರೆ ಮಗುವಿನ ಬಾಯಿಂದ ಬೇರೆ ಮಾತು ಬರಬಾರದಲ್ಲ! ಕರುಳಿಲ್ಲದವಳು ಇಷ್ಟೆಲ್ಲ ಯೋಚನೆ ಮಾಡುತ್ತಾಳಾ? ಕರುಳಿದ್ದವಳೇ ಕಳಿಸಿದ್ದು.

"ಚೀನಾ ಶಾಲೆ ಕಟ್ಟಿದೆ, ರೈಲು ಬಿಟ್ಟಿದೆ, ಅಲ್ಲೇ ಓದಿಸಬಹುದಿತ್ತು" ಅಂತ ಇನ್ನೊಬ್ಬ ಪಂಡಿತರು. ಹೌದು ಸ್ವಾಮಿ, ರೈಲು ಬಂತು. ಟಿಬೆಟ್‌ನ ರಾಜಧಾನಿ ಲಾಸಾಕ್ಕೆ ಮೊದಲ ರೈಲು 2006ರ ಜುಲೈನಲ್ಲಿ. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಇದೇ ನಂಗ್ಪಾ ಲಾದಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಹಿಮದ ಮೇಲೆ ಸಾಲಾಗಿ ಹೋಗುತ್ತಿದ್ದರು, ಮಕ್ಕಳೂ ಇದ್ದರು. ಚೀನಾದ ಗಡಿ ಪಡೆ ಗುಂಡು ಹಾರಿಸಿತು. ಕೆಲ್ಸಾಂಗ್ ನಮ್ತ್ಸೊ ಅನ್ನುವ 17 ವರ್ಷದ ಸನ್ಯಾಸಿನಿ ಸತ್ತಳು. ಆತ್ಮರಕ್ಷಣೆಗೆ ಹೊಡೆದೆವು ಅಂತ ಚೀನಾ ಹೇಳಿತು. ಆದರೆ ಪರ್ವತ ಹತ್ತಲು ಬಂದಿದ್ದ ರೊಮೇನಿಯಾದವರೊಬ್ಬರ ಕ್ಯಾಮೆರಾ ಓಡುತ್ತಿತ್ತು. ಅದರಲ್ಲಿ ಕಾಣುವುದು ಸುಮ್ನೆ ನಡೆದುಕೊಂಡು ಹೋಗುತ್ತಿರುವ ಸಾಲು, ಅದರಲ್ಲಿ ಕುಸಿಯುವ ಒಂದು ಕಪ್ಪು ಚುಕ್ಕಿ. ಸಿಕ್ಕಿಬಿದ್ದ ಮಕ್ಕಳನ್ನು ಸೈನಿಕರು ಪರ್ವತಾರೋಹಿಗಳ ಟೆಂಟುಗಳ ಪಕ್ಕದಲ್ಲೇ ನಡೆಸಿಕೊಂಡು ಹೋದರು. ಇದು ನಿಮ್ಮ ರೈಲಿನ ವರ್ಷ! ದಲೈ ಲಾಮಾ ಅವರ ಫೋಟೊ ಮನೆಯಲ್ಲಿ ಇಡೋಕೂ ಹೆದರಬೇಕಾದ ಊರಿನಲ್ಲಿ ರೈಲು ತಗೊಂಡು ಏನು ಮಾಡಲಿ ಆಕೆ?

ನೇಪಾಳ ಮುಟ್ಟಿದರೂ ಗ್ಯಾರಂಟಿ ಇಲ್ಲ. 2003ರ ಮೇ 31ಕ್ಕೆ ಅಲ್ಲಿನ ಸರ್ಕಾರ 18 ಜನರನ್ನು ವಾಪಸ್ ಚೀನಾಕ್ಕೆ ಒಪ್ಪಿಸಿತು. ಅವರಲ್ಲೂ ಮಕ್ಕಳಿದ್ದರು.

ಒಂದು ನಿಮಿಷ. ಈ ಎಪಿಸೋಡಿಗೆ ಒಂದು ಟ್ರಾವೆಲ್ ಬ್ಯಾಗ್ ಕಂಪನಿ ಸ್ಪಾನ್ಸರ್ ಮಾಡ್ತೀವಿ ಅಂದಿತ್ತು. ಈ ವಿಷಯಕ್ಕೆ ಬೇಡಪ್ಪಾ ಅಂದೆ. ಆದ್ದರಿಂದ ಮೆಂಬರ್‌ಶಿಪ್ ತಗೊಳ್ಳಿ, ಬಾಡಿಗೆ ಕಟ್ಟಬೇಕು.

ಎಲ್ಲಿದ್ದೆ? ಹಾಂ, ಕರುಳು. ಟಿಬೆಟ್‌ನವರು ಮಾತ್ರ ಹೀಗೆ ಅಂದುಕೊಂಡಿರಾ? 1938ರ ಡಿಸೆಂಬರ್‌ನಿಂದ 1939ರ ಸೆಪ್ಟೆಂಬರ್‌ವರೆಗೆ ಹಿಟ್ಲರನ ಹಿಡಿತದಿಂದ ಸುಮಾರು 10,000 ಮಕ್ಕಳನ್ನು ರೈಲು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದರು. ಜಾಸ್ತಿ ಯಹೂದಿ ಮಕ್ಕಳು. ಕೊರಳಲ್ಲಿ ನಂಬರಿನ ಚೀಟಿ. ತುಂಬಾ ಮಕ್ಕಳು ಅಪ್ಪ ಅಮ್ಮನ್ನ ಮತ್ತೆ ನೋಡಲೇ ಇಲ್ಲ. ಹೋಗಿ, ಆ ತಾಯಂದಿರಿಗೂ ಕರುಳಿರಲಿಲ್ಲ ಅಂತ ಕಾಮೆಂಟ್ ಹಾಕಿ ನೋಡೋಣ!

"ಪುಕ್ಕಟೆ ಹಾಸ್ಟೆಲ್ ಸಿಗುತ್ತೆ ಅಂತ ಕಳಿಸ್ತಾರೆ" ಅಂತ ಮತ್ತೊಬ್ಬರು. ಪುಕ್ಕಟೆ ಊಟಕ್ಕೆ ಯಾರಾದರೂ ಹಿಮದಲ್ಲಿ ಬೆರಳು ಕಳೆದುಕೊಳ್ಳುತ್ತಾರಾ? ಈ ಮಕ್ಕಳು ಸೇರುವ ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್ ಅನ್ನೋ ಶಾಲೆ ಶುರುವಾಗಿದ್ದು 1960ರಲ್ಲಿ, ಧರ್ಮಶಾಲಾದಲ್ಲಿ. ಜಮ್ಮು ಕಡೆ ರಸ್ತೆ ಕೆಲಸ ಮಾಡುತ್ತಿದ್ದ ನಿರಾಶ್ರಿತರ 51 ಮಕ್ಕಳಿಂದ. ಈಗ ಬೈಲಕುಪ್ಪೆಯಲ್ಲೂ ಇದೆ. ಅಲ್ಲಿ ಮಕ್ಕಳಿರುವ ಒಂದೊಂದು ಮನೆಗೆ ಒಬ್ಬರು ಅಮಾ-ಲಾ, ಅಂದರೆ ಅಮ್ಮ, ಅವರ ಕೈಕೆಳಗೆ ಮಕ್ಕಳ ಹಿಂಡು. ಹೆತ್ತ ತಾಯಿ ಅಲ್ಲಿ, ಸಾಕು ತಾಯಿ ಇಲ್ಲಿ.

ನೀವು ಮಗನನ್ನ ಮಂಗಳೂರು ಕಡೆ ಪಿಯು ಹಾಸ್ಟೆಲ್‌ಗೆ ಬಿಟ್ಟು ಬರುವಾಗ ಶಿರಾಡಿ ಘಾಟ್ ಮುಗಿಯೋವರೆಗೂ ಅತ್ತಿರಿ. ಅವನಿಗೆ ವಾರಕ್ಕೊಂದು ಫೋನು, ದಸರಾ ರಜೆ, ಡಬ್ಬಿ ತುಂಬಾ ಚಕ್ಕುಲಿ. ನಿಮ್ಮದು ಪ್ರೀತಿ, ಆಕೆಯದು ಕಲ್ಲು ಮನಸ್ಸಾ? ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆ ಮಾಡಿದ ಊರಿನವರು ನಾವು!

2008ರ ಆಮೇಲೆ ಗಡಿ ಬಿಗಿಯಾಯಿತು. ಮೊದಲು ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಬರುತ್ತಿದ್ದರು, ಈಗ ಬೆರಳೆಣಿಕೆ. ಹಾಗಾದರೆ ಈಗ ಅಲ್ಲಿನ ತಾಯಂದಿರಿಗೆಲ್ಲ ದಿಢೀರಂತ ಕರುಳು ಹುಟ್ಟಿತಾ? ಹೇಳಿ! ದಾರಿ ಮುಚ್ಚಿದರು, ಅಷ್ಟೇ. ಕರುಳು ಆಗಲೂ ಇತ್ತು, ಈಗಲೂ ಇದೆ. ಇತ್ತು, ಇತ್ತು, ಇತ್ತು!

ಇನ್ನೂ ಎರಡು ಪಾಯಿಂಟ್ ಬರೆದುಕೊಂಡಿದ್ದೆ. ಕೋಪದಲ್ಲಿ ಚೀಟಿ ಎಲ್ಲೋ ಇಟ್ಟೆ. ಇರಲಿ ಬಿಡಿ. ಆ ಲೈಕು ಒತ್ತಿದವರೇ, ಇದಕ್ಕೂ ಒಂದು ಒತ್ತಿ, ಬೆರಳು ಇದೆ ತಾನೆ ನಿಮಗೆ? ಮುಂದಿನ ಸಲ ಮುಂಡಗೋಡಕ್ಕೆ ಹೋಗ್ತೀನಿ. ಅಲ್ಲೂ ದೊಡ್ಡ ಟಿಬೆಟನ್ ಕ್ಯಾಂಪ್ ಇದೆ. ಮೊಮೊ ಚಟ್ನಿ ಖಾರ ಎಷ್ಟಿರುತ್ತೆ ಅಂತ ಗೊತ್ತಿರುವವರು ಮೊದಲೇ ತಿಳಿಸಿ, ಗ್ಯಾಸ್ಟ್ರಿಕ್ ಇದೆ ನನಗೆ.