ಬ್ಲೀಡ್ ಮಾಡಿಸುವ ಮೊದಲು ಲಿವರ್ ಒತ್ತಿ ನೋಡಿ: ಸೈಕಲ್ಲಿನ ಹೈಡ್ರಾಲಿಕ್ ಡಿಸ್ಕ್ ಬ್ರೇಕ್

[ದೃಶ್ಯ: ಚಾಮುಂಡಿ ಬೆಟ್ಟದ ರಸ್ತೆ, ಬೆಳಿಗ್ಗೆ. ಇಳಿಯುತ್ತಿರುವ ಎಂಟಿಬಿ (ಗುಡ್ಡಗಾಡು) ಸೈಕಲ್ಲಿನ ಹಿಂದಿನ ಚಕ್ರ ಹತ್ತಿರದಿಂದ. ಕಿರ್ರ್ ಎನ್ನುವ ಸದ್ದು.]

ನಮಸ್ಕಾರ. ಸದ್ದು ಕೇಳಿಸಿತಲ್ಲ? ಭಾನುವಾರ ಬೆಳಿಗ್ಗೆ ಬೆಟ್ಟದ ರಸ್ತೆಯಲ್ಲಿ ಸುಮ್ನೆ ನಿಂತಿರಿ. ಹೀಗೆ ಕಿರುಚಿಕೊಂಡು ಇಳಿಯುವ ಸೈಕಲ್ ಒಂದಾದರೂ ಸಿಗುತ್ತದೆ. ಪಕ್ಕದಲ್ಲಿರುವ ಗೆಳೆಯ ಒಂದೇ ಔಷಧ ಹೇಳುತ್ತಾನೆ: "ಬ್ಲೀಡ್ ಮಾಡಿಸು ಗುರು."

ಬ್ಲೀಡ್ ಅಂದರೆ ಹಳೆ ಆಯಿಲ್ ತೆಗೆದು, ಒಳಗಿನ ಗಾಳಿ ಓಡಿಸಿ, ಹೊಸ ಆಯಿಲ್ ತುಂಬುವುದು. ಒಳ್ಳೆ ಕೆಲಸವೇ. ಆದರೆ ಕಿರುಚುವ ಬ್ರೇಕಿಗೂ ಬ್ಲೀಡಿಗೂ ಸಂಬಂಧ ಇಲ್ಲ. ಎಷ್ಟು ಹೊಸ ಆಯಿಲ್ ತುಂಬಿದರೂ ಆ ಸದ್ದು ಹೋಗುವುದಿಲ್ಲ. ಹಾಗಾಗಿ ಇವತ್ತು ಮೊದಲು ಕಾಯಿಲೆ ಗುರುತಿಸೋಣ. ಸ್ಪ್ಯಾನರ್ ಆಮೇಲೆ.

[ದೃಶ್ಯ: ಸ್ಟ್ಯಾಂಡಿನ ಮೇಲೆ ಸೈಕಲ್. ಲಿವರ್, ಪೈಪ್, ಕ್ಯಾಲಿಪರ್ ಒಂದೊಂದಾಗಿ ತೋರಿಸುವುದು.]

ಒಳಗೆ ನಡೆಯುವುದು ಇಷ್ಟೇ. ಲಿವರ್ ಒತ್ತಿದರೆ ಒಂದು ಸಣ್ಣ ಪಿಸ್ಟನ್ ಆಯಿಲನ್ನು ತಳ್ಳುತ್ತದೆ. ಒತ್ತಡ ಪೈಪಿನಲ್ಲಿ ಸಾಗಿ, ಚಕ್ರದ ಬಳಿ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ನಲ್ಲಿರುವ ದೊಡ್ಡ ಪಿಸ್ಟನ್‌ಗಳಿಗೆ ತಲುಪುತ್ತದೆ. ಅವು ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುತ್ತವೆ. ಆಯಿಲ್ ಕುಗ್ಗುವುದಿಲ್ಲ, ಅದಕ್ಕೇ ಬೆರಳಿನ ಬಲ ಪೂರ್ತಿ ತಲುಪುತ್ತದೆ. ಗಾಳಿ ಕುಗ್ಗುತ್ತದೆ. ಅದಕ್ಕೇ ಗಾಳಿ ಸೇರಿದರೆ ಲಿವರ್ ಮೆತ್ತಗಾಗುತ್ತದೆ.

ಇನ್ನೊಂದು ಚಂದದ ವಿಷಯ ಇದೆ. ಕ್ಯಾಲಿಪರ್‌ನ ಪಿಸ್ಟನನ್ನು ಹಿಂದಕ್ಕೆ ತರಲು ಸ್ಪ್ರಿಂಗ್ ನೆಚ್ಚಿಕೊಂಡಿಲ್ಲ. ಸುತ್ತ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಇರುತ್ತದೆ. ಒತ್ತಿದಾಗ ಅದು ಪಿಸ್ಟನ್ ಜತೆ ಸ್ವಲ್ಪ ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನನ್ನು ಎಳೆದುಕೊಳ್ಳುತ್ತದೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಆ ಸೀಲಿನೊಳಗೆ ಜಾರಿ ಮುಂದೆ ಬಂದು ಕೂರುತ್ತದೆ. ಕೇಬಲ್ ಬ್ರೇಕಿನ ಹಾಗೆ ಆಗಾಗ ಬಿಗಿ ಮಾಡುವ ತಲೆನೋವು ಇಲ್ಲ. ಆದರೆ ಇದರಿಂದ ಒಂದು ತೊಂದರೆಯೂ ಇದೆ. ಪ್ಯಾಡ್ ಸವೆದಿದ್ದು ಕೈಗೆ ಗೊತ್ತೇ ಆಗುವುದಿಲ್ಲ, ಕಣ್ಣಲ್ಲೇ ನೋಡಬೇಕು.

[ದೃಶ್ಯ: ಲಿವರ್ ಮೇಲೆ ಬೆರಳು.]

ಈಗ ಪರೀಕ್ಷೆ. ಲಿವರ್ ಒತ್ತಿ. ಬಿಡಬೇಡಿ, ಹಾಗೇ ಹಿಡಿದುಕೊಳ್ಳಿ.

ಲಿವರ್ ಗಟ್ಟಿ ಇದೆ, ಆದರೂ ಸೈಕಲ್ ನಿಲ್ಲುತ್ತಿಲ್ಲವಾ? ಹಾಗಾದರೆ ಆಯಿಲ್ ಸರಿಯಾಗಿದೆ. ತೊಂದರೆ ಇರುವುದು ಪ್ಯಾಡ್ ಮತ್ತು ಡಿಸ್ಕಿನಲ್ಲಿ. ಒತ್ತಿದರೆ ಮೆತ್ತಗೆ, ನಾಲ್ಕೈದು ಸಲ ಪಟಪಟ ಒತ್ತಿದ ಮೇಲೆ ಗಟ್ಟಿಯಾಗುತ್ತದಾ? ಗಾಳಿ ಸೇರಿದೆ, ಇಲ್ಲವೇ ಆಯಿಲ್ ಕಡಿಮೆಯಾಗಿದೆ. ಇದಕ್ಕೆ ಬ್ಲೀಡ್ ಬೇಕು. ಹಿಡಿದುಕೊಂಡೇ ಇದ್ದೀರಿ, ಆದರೂ ಲಿವರ್ ನಿಧಾನವಾಗಿ ಹ್ಯಾಂಡಲ್ ಕಡೆ ಇಳಿಯುತ್ತಿದೆಯಾ? ಎಲ್ಲೋ ಸೋರುತ್ತಿದೆ. ಪೈಪ್ ಸೇರುವ ಜಾಗ, ಕ್ಯಾಲಿಪರ್ ಸುತ್ತ, ಲಿವರ್ ಕೆಳಗೆ ಟಿಶ್ಯೂ ಪೇಪರ್ ಒತ್ತಿ ನೋಡಿ. ಹೊರಗೆಲ್ಲೂ ಒದ್ದೆ ಇಲ್ಲ ಅಂದರೆ ಲಿವರ್ ಒಳಗಿನ ಸೀಲ್ ಹೋಗಿರಬಹುದು. ಆ ಸೈಕಲ್ಲನ್ನು ತಳ್ಳಿಕೊಂಡು ಹೋಗಿ, ಹತ್ತಬೇಡಿ.

ಪಂಕ್ಚರ್ ಹಾಕಲು ಸೈಕಲ್ ತಲೆಕೆಳಗೆ ನಿಲ್ಲಿಸಿ, ಆಮೇಲೆ ಲಿವರ್ ಮೆತ್ತಗಾಯಿತು ಎನ್ನುವವರು ಬಹಳ. ಲಿವರ್ ಪಕ್ಕದ ಆಯಿಲ್ ಡಬ್ಬಿಯಲ್ಲಿದ್ದ ಗಾಳಿ ಪೈಪಿಗೆ ಇಳಿದಿರುತ್ತದೆ. ಸೈಕಲ್ ನೆಟ್ಟಗೆ ನಿಲ್ಲಿಸಿ, ಲಿವರ್ ನಿಧಾನವಾಗಿ ಒತ್ತುತ್ತಾ ಬಿಡುತ್ತಾ ಇರಿ. ಆಗಲಿಲ್ಲವೆಂದರೆ ರಬ್ಬರ್ ಬ್ಯಾಂಡಿನಲ್ಲಿ ಲಿವರ್ ಒತ್ತಿ ಕಟ್ಟಿ ರಾತ್ರಿ ಬಿಡಿ. ಎಷ್ಟೋ ಸಲ ಬೆಳಿಗ್ಗೆ ಸರಿಹೋಗಿರುತ್ತದೆ. ಆದರೆ ಇದು ತಾತ್ಕಾಲಿಕ. ಒಳಗೆ ಗಾಳಿ ಇದೆ ಎಂದು ಗೊತ್ತಾಯಿತಲ್ಲ, ಬಿಡುವಾದಾಗ ಬ್ಲೀಡ್ ಮಾಡಿ.

[ದೃಶ್ಯ: ವಾಟರ್ ಸರ್ವೀಸ್ ಅಂಗಡಿ. ತೊಳೆದ ಸ್ಕೂಟರಿಗೆ ಗನ್ನಿನಲ್ಲಿ ಡೀಸೆಲ್ ಸ್ಪ್ರೇ.]

ಕಿರುಚಾಟಕ್ಕೆ ಬರೋಣ. ನಮ್ಮೂರಲ್ಲಿ ಇದಕ್ಕೆ ಒಂದು ಸೀಸನ್ನೇ ಇದೆ: ಆಯುಧ ಪೂಜೆ ಮುಗಿದ ವಾರ.

ಪೂಜೆಗೆ ಮುಂಚೆ ಸೈಕಲ್ಲನ್ನೂ ಸ್ಕೂಟರ್ ಜತೆ ವಾಟರ್ ಸರ್ವೀಸಿಗೆ ಒಯ್ಯುತ್ತೀರಿ. ಅವರು ಜೋರು ನೀರಲ್ಲಿ ತೊಳೆದು, ಹೊಳಪು ಬರಲಿ ಎಂದು ಮೇಲಿಂದ ಕೆಳಗೆ ಡೀಸೆಲ್ ಹೊಡೆಯುತ್ತಾರೆ. ಸೈಕಲ್ ಮಿರಮಿರ ಮಿಂಚುತ್ತದೆ. ಡಿಸ್ಕೂ ಮಿಂಚುತ್ತದೆ! ಮನೆಗೆ ಬಂದ ಮೇಲೆ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ಡಿಸ್ಕ್ ದುಂಡಗೆ, ಬೆಳ್ಳಗೆ ಇರುತ್ತದಲ್ಲ, ಬೊಟ್ಟಿಡಲು ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತದೆ. ಎಣ್ಣೆಯಲ್ಲಿ ಕಲಸಿದ ಕುಂಕುಮವಾದರೆ ಕೇಳುವುದೇ ಬೇಡ. ಮೊದಲ ಸಲ ಬ್ರೇಕ್ ಹಿಡಿದಾಗ ಅಷ್ಟೂ ಪ್ಯಾಡಿಗೆ ಇಳಿಯುತ್ತದೆ.

ಪೂಜೆ ಬೇಡ ಎನ್ನುತ್ತಿಲ್ಲ. ಬೊಟ್ಟನ್ನು ಹ್ಯಾಂಡಲಿಗೆ ಇಡಿ, ಫ್ರೇಮಿಗೆ ಇಡಿ. ಹಾರವನ್ನು ಚಕ್ರದಿಂದ ದೂರ ಕಟ್ಟಿ, ದಾರ ಬಿಚ್ಚಿಕೊಂಡರೆ ಡಿಸ್ಕಿಗೆ ಸುತ್ತಿಕೊಳ್ಳುತ್ತದೆ. ಚಕ್ರದ ಕೆಳಗಿನ ನಿಂಬೆಹಣ್ಣಿನಿಂದ ಬ್ರೇಕಿಗೆ ಏನೂ ಆಗುವುದಿಲ್ಲ. ಸೈಕಲ್ ಮಾತ್ರ ಮನೆಯಲ್ಲೇ ಬಕೆಟ್ ನೀರಲ್ಲಿ ತೊಳೆಯಿರಿ. ಚೈನಿಗೆ ಎಣ್ಣೆ ಬಿಡುವಾಗ ಹನಿಹನಿಯಾಗಿ ಬಿಡಿ. ಸ್ಪ್ರೇ ಹೊಡೆಯುವುದೇ ಆದರೆ ಡಿಸ್ಕಿಗೆ ಬಟ್ಟೆ ಮುಚ್ಚಿ.

[ದೃಶ್ಯ: ಡಿಸ್ಕ್ ಒರೆಸುವುದು. ಬಿಳಿ ಬಟ್ಟೆಯಲ್ಲಿ ಕಪ್ಪು ಕಲೆ.]

ಎಣ್ಣೆ ತಾಗಿದೆ ಎಂದು ಅನುಮಾನವಾ? ಚಕ್ರ ಬಿಚ್ಚಿ. ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ, ಮೊಬೈಲ್ ರಿಪೇರಿಯವರು ಬಳಸುತ್ತಾರಲ್ಲ, ಅದೇ. ಹೊಸ ಬಟ್ಟೆಯಲ್ಲಿ ಡಿಸ್ಕನ್ನು ಎರಡೂ ಕಡೆ ಒರೆಸಿ. ಬಟ್ಟೆಯ ಜಾಗ ಬದಲಿಸುತ್ತಾ ಹೋಗಿ, ಕಪ್ಪು ಬರುವುದು ನಿಲ್ಲುವವರೆಗೆ. ಹ್ಯಾಂಡ್ ಸ್ಯಾನಿಟೈಸರ್ ಬೇಡ, ಕೈ ಒಣಗದಿರಲಿ ಎಂದು ಅದರಲ್ಲಿ ಗ್ಲಿಸರಿನ್ ಹಾಕಿರುತ್ತಾರೆ. ಸೀಮೆಎಣ್ಣೆಯಂತೂ ಬೇಡವೇ ಬೇಡ.

ಪ್ಯಾಡ್ ಹೊರತೆಗೆಯಿರಿ. ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಸಮತಟ್ಟು ಜಾಗದಲ್ಲಿ ಸ್ಯಾಂಡ್‌ಪೇಪರ್ ಇಟ್ಟು ಹಗುರವಾಗಿ ಉಜ್ಜಿ, ಹೊಳಪು ಹೋಗುವವರೆಗೆ. ದೂಳು ಮೂಗಿಗೆ ಹೋಗದಿರಲಿ, ಮಾಸ್ಕ್ ಹಾಕಿ. ಎಣ್ಣೆ ಆಳಕ್ಕೆ ಇಳಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಹೊಸ ಪ್ಯಾಡೇ ಗತಿ.

[ಕ್ಯಾಮೆರಾ ಹಿಂದಿನಿಂದ ದನಿ: "ಅಣ್ಣಾ, ಪ್ಯಾಡನ್ನು ಗ್ಯಾಸ್ ಒಲೆ ಮೇಲೆ ಸುಟ್ಟರೆ ಎಣ್ಣೆ ಹೋಗುತ್ತೆ ಅಂತಾರಲ್ಲ?"]

ಅಂತಾರೆ ಕಣಪ್ಪ, ಇಂಟರ್‌ನೆಟ್ ತುಂಬ ಅದೇ. ರೆಸಿನ್, ಅಂದರೆ ರಾಳದಲ್ಲಿ ಮಾಡಿದ ಪ್ಯಾಡ್ ಆದರೆ ಪ್ಯಾಡೇ ಸುಟ್ಟುಹೋಗುತ್ತದೆ. ಪ್ಯಾಡನ್ನು ಲೋಹದ ತಗಡಿಗೆ ಅಂಟಿಸಿರುವುದೂ ಸಡಿಲವಾಗಬಹುದು. ಇಳಿಜಾರಿನಲ್ಲಿ ಅದು ಕಿತ್ತು ಬಂದರೆ ಏನು ಮಾಡುತ್ತೀಯ? ಅದೂ ಅಲ್ಲದೆ ಆ ಹೊಗೆ ಅಡುಗೆಮನೆಗೆ ಬೇಡ. ಅಮ್ಮ ಬೈಯುತ್ತಾರೆ.

ಪ್ಯಾಡ್ ಕೈಯಲ್ಲಿ ಇರುವಾಗಲೇ ದಪ್ಪ ನೋಡಿಬಿಡಿ. ಲೋಹದ ತಗಡು ಬಿಟ್ಟು, ಉಜ್ಜುವ ಭಾಗ ಅರ್ಧ ಮಿಲಿಮೀಟರಿಗೆ ಬಂದರೆ ಬದಲಿಸಿ ಎಂದು ಬ್ರೇಕ್ ತಯಾರಿಸುವ ಶಿಮಾನೊ ಕಂಪನಿ ಹೇಳುತ್ತದೆ. ನಾನಂತೂ ಒಂದು ಮಿಲಿಮೀಟರಿಗೇ ಬದಲಿಸುತ್ತೇನೆ. ಡಿಸ್ಕಿಗೂ ಲೆಕ್ಕ ಇದೆ: ಶಿಮಾನೊ ಡಿಸ್ಕ್ ಹೊಸದರಲ್ಲಿ 1.8 ಮಿಲಿಮೀಟರ್, 1.5ಕ್ಕೆ ಬಂದರೆ ಆಯುಸ್ಸು ಮುಗಿಯಿತು. ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಬರೆದಿರುತ್ತಾರೆ.

ಮಂಡ್ಯ ಕಡೆಯವರಿಗೆ ಒಂದು ಮಾತು. ಮಳೆಗಾಲದಲ್ಲಿ ನಾಲೆ ಏರಿ ಮೇಲೆ, ಕಬ್ಬಿನ ಗದ್ದೆ ದಾರಿಯಲ್ಲಿ ಓಡಿಸುತ್ತೀರಿ. ಕೆಸರು ಮರಳು ಪ್ಯಾಡಿಗೂ ಡಿಸ್ಕಿಗೂ ನಡುವೆ ಸಿಕ್ಕಿಕೊಂಡು ಅರೆಯುತ್ತದೆ. ಅಂಥ ಜಾಗದಲ್ಲಿ ರೆಸಿನ್ ಪ್ಯಾಡ್ ಬೇಗ ಸವೆಯುತ್ತದೆ. ಮೆಟಲ್ ಪ್ಯಾಡ್ ಜಾಸ್ತಿ ಬಾಳಿಕೆ ಬರುತ್ತದೆ, ಸ್ವಲ್ಪ ಸದ್ದು ಮಾಡುತ್ತದೆ ಅಷ್ಟೆ. ಆದರೆ ಕೊಳ್ಳುವ ಮೊದಲು ಡಿಸ್ಕ್ ಓದಿ. ಕಡಿಮೆ ಬೆಲೆಯ ಕೆಲವು ಡಿಸ್ಕ್‌ಗಳ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಎಂದಿರುತ್ತದೆ. ಅದಕ್ಕೆ ಮೆಟಲ್ ಪ್ಯಾಡ್ ಹಾಕಿದರೆ ಡಿಸ್ಕೇ ಸವೆದುಹೋಗುತ್ತದೆ.

[ದೃಶ್ಯ: ಕ್ಯಾಲಿಪರ್ ಹಿಂದೆ ಬಿಳಿ ಕಾಗದ. ಡಿಸ್ಕಿನ ಎರಡೂ ಕಡೆ ಸಣ್ಣ ಸಂದು.]

ಚಕ್ರ ತಿರುಗಿಸಿದರೆ ಶ್ಶ್ ಶ್ಶ್ ಎಂದು ಉಜ್ಜುವ ಸದ್ದಿಗೆ ಸುಲಭದ ಉಪಾಯ. ಕ್ಯಾಲಿಪರ್‌ನ ಎರಡು ಬೋಲ್ಟ್‌ಗಳನ್ನು ಆಲನ್ ಕೀಯಲ್ಲಿ ಸಡಿಲಿಸಿ. ಲಿವರ್ ಒತ್ತಿ ಹಿಡಿಯಿರಿ. ಹಿಡಿದುಕೊಂಡೇ ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ. ಟಾರ್ಕ್ ರೆಂಚ್ ಇದ್ದರೆ 6ರಿಂದ 8 ನ್ಯೂಟನ್ ಮೀಟರ್. ಸುತ್ತಿಗೊಮ್ಮೆ ಮಾತ್ರ ಉಜ್ಜಿದರೆ ಕ್ಯಾಲಿಪರ್ ಸರಿಯಿದೆ, ಡಿಸ್ಕ್ ಬಾಗಿದೆ. ತಾಗುವ ಜಾಗ ಗುರುತಿಸಿ, ಎಣ್ಣೆ ಇಲ್ಲದ ಸ್ಪ್ಯಾನರಿನಲ್ಲಿ ಚೂರೇ ಚೂರು ಬಗ್ಗಿಸಿ ನೆಟ್ಟಗೆ ಮಾಡಿ.

ಚಕ್ರ ಬಿಚ್ಚಿದಾಗ ಮಕ್ಕಳು ಲಿವರ್ ಒತ್ತಿಬಿಟ್ಟರೆ ಪ್ಯಾಡ್ ಎರಡೂ ಕೂಡಿಕೊಳ್ಳುತ್ತವೆ, ಡಿಸ್ಕ್ ಒಳಗೆ ಹೋಗುವುದೇ ಇಲ್ಲ. ಗಾಬರಿ ಬೇಡ. ಟೈರ್ ಬಿಚ್ಚುವ ಪ್ಲಾಸ್ಟಿಕ್ ಲಿವರ್ ನಡುವೆ ತೂರಿಸಿ ಮೆಲ್ಲಗೆ ಅಗಲಿಸಿ. ಸ್ಕ್ರೂಡ್ರೈವರ್ ಹಾಕಬೇಡಿ, ಪಿಸ್ಟನ್ ಪಿಂಗಾಣಿಯದಾದರೆ ಚಕ್ಕೆ ಏಳುತ್ತದೆ.

[ದೃಶ್ಯ: ಮೇಜಿನ ಮೇಲೆ ಎರಡು ಬಾಟಲಿ. ಒಂದರಲ್ಲಿ ಕೆಂಪು ಬಣ್ಣದ ಮಿನರಲ್ ಆಯಿಲ್, ಇನ್ನೊಂದರಲ್ಲಿ ಡಾಟ್ 4.]

ಈಗ ಹೇಳುವುದನ್ನು ದಯವಿಟ್ಟು ಫಾರ್ವರ್ಡ್ ಮಾಡದೆ ಕೇಳಿ. ಸೈಕಲ್ ಬ್ರೇಕಿನ ಆಯಿಲಲ್ಲಿ ಎರಡು ಜಾತಿ. ಶಿಮಾನೊ, ಟೆಕ್ಟ್ರೊ, ಮಗುರಾ ಇವಕ್ಕೆ ಮಿನರಲ್ ಆಯಿಲ್. ಹೇಯ್ಸ್, ಹೋಪ್ ಮತ್ತು ಸ್ರ್ಯಾಮ್‌ನ ಹೆಚ್ಚಿನ ಮಾಡೆಲ್‌ಗಳಿಗೆ ಡಾಟ್ ಆಯಿಲ್. ಸ್ರ್ಯಾಮ್‌ನಲ್ಲೇ ಡಿಬಿ8, ಮೇವನ್ ಮಿನರಲ್ ಆಯಿಲಿನವು. ಕಂಪನಿ ಹೆಸರು ನೋಡಿ ನಿರ್ಧರಿಸಬೇಡಿ, ಲಿವರ್ ಮೇಲೆ ಬರೆದಿರುವುದನ್ನು ಓದಿ.

ಬೈಕ್ ಗ್ಯಾರೇಜಿನಲ್ಲಿ ಇರುವುದು ಡಾಟ್ 3 ಅಥವಾ ಡಾಟ್ 4. "ಬ್ರೇಕ್ ಆಯಿಲ್ ಎಲ್ಲ ಒಂದೇ ಸಾರ್" ಎಂದು ಅವರು ಶಿಮಾನೊ ಬ್ರೇಕಿಗೆ ಎರಡು ಹನಿ ಬಿಟ್ಟರೂ ಕೆಟ್ಟಿತು. ಆ ರಬ್ಬರ್ ಸೀಲ್ ಡಾಟ್ ಆಯಿಲಿಗೆ ಮಾಡಿದ್ದಲ್ಲ. ಉಬ್ಬಿಕೊಳ್ಳುತ್ತದೆ. ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತದೆ, ಲಿವರ್ ಬಿಟ್ಟರೂ ಬ್ರೇಕ್ ಬಿಡುವುದಿಲ್ಲ. ಡಾಟ್ ಬ್ರೇಕಿಗೆ ಮಿನರಲ್ ಆಯಿಲ್ ಹಾಕಿದರೂ ಇದೇ ಕಥೆ. ಉಬ್ಬಿದ ಸೀಲನ್ನು ತೊಳೆದು ಸರಿ ಮಾಡಲು ಆಗುವುದಿಲ್ಲ.

ಡಾಟ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂದು ನಿಯಮ. ತೇವ ಹೀರಿದ ಮೇಲೆ ಆ ಕನಿಷ್ಠ ಮಿತಿ 155 ಡಿಗ್ರಿ. ಅದಕ್ಕೇ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೂ ಕಿತ್ತುಬಿಡುತ್ತದೆ. ಡಾಟ್ 5 ಎಂಬ ಬಾಟಲಿ ಸಿಕ್ಕರೆ ಮುಟ್ಟಬೇಡಿ, ಅದು ಸಿಲಿಕೋನ್. ಡಾಟ್ 5.1 ಬೇರೆ, ಅದನ್ನು ಬಳಸಬಹುದು. ಮಿನರಲ್ ಆಯಿಲ್ ನೀರು ಹೀರುವುದಿಲ್ಲ. ಒಳಗೆ ನೀರು ಸೇರಿದರೆ ಅದು ಇಳಿದು ಕ್ಯಾಲಿಪರ್‌ನಲ್ಲಿ ಕೂರುತ್ತದೆ, ಬಿಸಿ ಜಾಸ್ತಿ ಇರುವ ಜಾಗವೂ ಅದೇ.

[ದೃಶ್ಯ: ಲಿವರ್ ಮೇಲೆ ಫನಲ್, ಕ್ಯಾಲಿಪರ್‌ಗೆ ಸಿರಿಂಜ್. ಪಾರದರ್ಶಕ ಪೈಪಿನಲ್ಲಿ ಗಾಳಿಗುಳ್ಳೆ ಮೇಲೇರುತ್ತಿದೆ.]

ಪರೀಕ್ಷೆಯಲ್ಲಿ ಗಾಳಿ ಎಂದು ಬಂತು, ಶಿಮಾನೊ ಬ್ರೇಕ್ ಎಂದುಕೊಳ್ಳಿ. ಚಕ್ರ, ಪ್ಯಾಡ್ ಎರಡನ್ನೂ ತೆಗೆದಿಟ್ಟು ಕ್ಯಾಲಿಪರ್‌ಗೆ ಬ್ಲೀಡ್ ಬ್ಲಾಕ್ ಹಾಕಿ, ಪಿಸ್ಟನ್ ಹೊರಬರದಂತೆ ತಡೆಯುವ ತುಂಡು ಅದು. ಲಿವರನ್ನು ನೆಲಕ್ಕೆ ಸಮನಾಗಿ ತಿರುಗಿಸಿ, ಮೇಲಿನ ಸ್ಕ್ರೂ ತೆಗೆದು ಫನಲ್ ಕೂರಿಸಿ. ಕೆಳಗೆ ಕ್ಯಾಲಿಪರ್‌ನಲ್ಲಿರುವ ನಿಪ್ಪಲ್ (ಆಯಿಲ್ ದಾರಿ ತೆರೆದು ಮುಚ್ಚುವ ಸ್ಕ್ರೂ) ಸಡಿಲಿಸಿ ಸಿರಿಂಜಿನಿಂದ ನಿಧಾನವಾಗಿ ಆಯಿಲ್ ತಳ್ಳಿ. ಗಾಳಿ ಮೇಲಕ್ಕೇ ಹೋಗುವುದು, ನಾವು ದಾರಿ ಬಿಡಬೇಕು ಅಷ್ಟೆ. ಪೈಪಿಗೆ ಬೆರಳಿನಿಂದ ತಟ್ಟುತ್ತಾ ಇರಿ, ಅಂಟಿಕೊಂಡ ಗುಳ್ಳೆ ಬಿಟ್ಟುಕೊಳ್ಳುತ್ತದೆ. ನಿಪ್ಪಲ್ ಮುಚ್ಚಿ ಲಿವರ್ ಒತ್ತಿ ಬಿಟ್ಟರೆ ಫನಲ್ಲಿನಲ್ಲಿ ಗುಳ್ಳೆ ಕಾಣುತ್ತದೆ. ಅವು ನಿಲ್ಲುವವರೆಗೆ ಮಾಡಿ. ಸಿರಿಂಜ್ ಬಿಚ್ಚುವಾಗಲೇ ಆಯಿಲ್ ಚೆಲ್ಲುವುದು. ಪ್ಯಾಡ್ ದೂರ ಇಡಿ ಎಂದಿದ್ದು ಅದಕ್ಕೇ.

[ದೃಶ್ಯ: ಬೆಟ್ಟದ ತಿರುವು. ಸವಾರನ ಕೈ ಲಿವರ್ ಮೇಲೆ.]

ಬ್ರೇಕ್ ಸರಿಯಿದ್ದೂ ಬೆಟ್ಟದಲ್ಲಿ ಕೈಕೊಡುವುದು ಬೇರೆ ವಿಷಯ. ಚಾಮುಂಡಿ ಬೆಟ್ಟದಿಂದ ಊರಿಗೆ ಸುಮಾರು 300 ಮೀಟರ್ ಇಳಿಯುತ್ತೀರಿ. ಸೈಕಲ್ ಸೇರಿ 85 ಕಿಲೊ ಎಂದಿಟ್ಟುಕೊಳ್ಳಿ. ಅಷ್ಟೂ ಶಕ್ತಿಯನ್ನು ಬ್ರೇಕೇ ತಡೆದರೆ ಮುಕ್ಕಾಲು ಲೀಟರ್ ನೀರು ಕುದಿಯಲು ಬರುವಷ್ಟು ಶಾಖ ಹುಟ್ಟುತ್ತದೆ. ಸ್ವಲ್ಪ ಗಾಳಿಯ ತಡೆಗೆ ಹೋಗುತ್ತದೆ ನಿಜ. ಆದರೆ ಮೇಲಿಂದ ಕೆಳಗಿನವರೆಗೆ ಬ್ರೇಕ್ ಸವರಿಕೊಂಡೇ ಬಂದರೆ ಡಿಸ್ಕಿಗೆ ಆರಲು ಪುರುಸೊತ್ತೇ ಇಲ್ಲ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿಯಿರಿ, ವೇಗ ತಗ್ಗಿಸಿ, ಪೂರ್ತಿ ಬಿಡಿ.

ಲಿವರ್ ಗಟ್ಟಿ ಇದ್ದೂ ಹಿಡಿತ ಕಡಿಮೆಯಾದರೆ ಪ್ಯಾಡ್ ಕಾದಿದೆ. ಲಿವರ್ ಇದ್ದಕ್ಕಿದ್ದಂತೆ ಹ್ಯಾಂಡಲ್‌ವರೆಗೆ ಹೋದರೆ ಆಯಿಲ್ ಕುದಿದು ಆವಿಯಾಗಿದೆ. ಎರಡಕ್ಕೂ ನಿಂತು ಆರಲು ಬಿಡುವುದೇ ದಾರಿ. ವ್ಯೂ ಪಾಯಿಂಟ್ ಇದೆಯಲ್ಲ, ಹತ್ತು ನಿಮಿಷ ಊರು ನೋಡಿ. ಡಿಸ್ಕ್ ಮುಟ್ಟಬೇಡಿ, ಬೆರಳು ಸುಡುತ್ತದೆ. ಬಾಟಲಿ ನೀರನ್ನೂ ಸುರಿಯಬೇಡಿ, ಬಾಗಬಹುದು. ಆಯಿಲ್ ಕುದ್ದಿದ್ದರೆ ಆರಿ ಗಟ್ಟಿಯಾದ ಮೇಲೂ ಬ್ಲೀಡ್ ಮಾಡಲೇಬೇಕು.

ಹೊಸ ಪ್ಯಾಡ್ ಅಥವಾ ಡಿಸ್ಕ್ ಹಾಕಿದ ದಿನ ಮಾತ್ರ ನೇರ ಬೆಟ್ಟಕ್ಕೆ ಹೋಗಬೇಡಿ. ಬಡಾವಣೆಯ ಖಾಲಿ ರಸ್ತೆಯಲ್ಲಿ ಸಾಧಾರಣ ವೇಗಕ್ಕೆ ಬಂದು, ನಡಿಗೆಯ ವೇಗಕ್ಕೆ ಇಳಿಯುವವರೆಗೆ ಬ್ರೇಕ್ ಹಿಡಿಯಿರಿ. ಪೂರ್ತಿ ನಿಲ್ಲಿಸದೆ ಬಿಡಿ. ಹೀಗೆ 20 ಸಲ. ಆಮೇಲೆ ಸ್ವಲ್ಪ ಜೋರು ವೇಗದಿಂದ 10 ಸಲ. ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಕೂರುತ್ತದೆ. ಮೊದಲ ಕೆಲವು ಸಲ ಏನೂ ಹಿಡಿಯುತ್ತಿಲ್ಲ ಎನಿಸುತ್ತದೆ, ಹದಿನೈದರ ಹೊತ್ತಿಗೆ ಬೆರಳಿಗೇ ಗೊತ್ತಾಗುತ್ತದೆ.

[ಪರದೆ ಮೇಲೆ ಬರಹ: ಮುಂದಿನ ವಿಡಿಯೋ: 160 ಮಿಲಿಮೀಟರ್ ಅಗಲದ ಡಿಸ್ಕ್ ಬದಲು 180ರದು ಹಾಕುವುದು ಹೇಗೆ]