ರೆಕಾರ್ಡು ಕಾಯುತ್ತದೆ, ಕ್ಯಾಸೆಟ್ಟು ಕಾಯುವುದಿಲ್ಲ

ಹಿರಿಯರಿಗೆ, ತಾಯಂದಿರಿಗೆ, ಗೆಳೆಯರಿಗೆ ನಮಸ್ಕಾರ. ಬಳ್ಳಾರಿಯ ಈ ಬಿಸಿಲಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಮನೆಯಲ್ಲಿ ಕೂತು ಸಂಗೀತ ಕೇಳುವುದಕ್ಕೆ ಹಳೆಯ ರೆಕಾರ್ಡು ಒಳ್ಳೆಯದೋ, ಕ್ಯಾಸೆಟ್ಟು, ಸಿಡಿ, ಫೋನು ಒಳ್ಳೆಯವೋ? ಇದು ನನಗೆ ಕೊಟ್ಟಿರುವ ವಿಷಯ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಾಡಿದವರು ಯಾವುದಕ್ಕೆಂದು ಹಾಡಿದರೋ ಅದರಲ್ಲಿ ಕೇಳಿದರೆ ಆ ಹಾಡಿನ ರುಚಿ ಪೂರ್ತಿ ಸಿಗುತ್ತದೆ. ಆದರೆ ಈ ಭಾಗದವರಾದ ನಾವು ಮೊದಲು ಚಿಂತೆ ಮಾಡಬೇಕಾದ್ದು ಕ್ಯಾಸೆಟ್ಟಿನ ಬಗ್ಗೆ.

ಮೇಜಿನ ಮೇಲಿರುವ ಈ ಕಪ್ಪು ತಟ್ಟೆ ನೋಡಿ. ಇದು ನಿಮಿಷಕ್ಕೆ 78 ಸುತ್ತು ಸುತ್ತುವ ಹಳೆಯ ರೆಕಾರ್ಡು. ಕೈಗೆ ತಗೊಂಡರೆ ಭಾರ ಗೊತ್ತಾಗುತ್ತದೆ. ಇದು ಪ್ಲಾಸ್ಟಿಕ್ಕಿನದಲ್ಲ, ಅರಗಿಗೆ ಕಲ್ಲಿನ ಪುಡಿ ಬೆರೆಸಿ ಒತ್ತಿದ್ದು. ಮುತ್ತುಗದಂಥ ಮರಗಳ ಮೇಲೆ ಹುಳು ಕಟ್ಟುತ್ತದಲ್ಲ, ಅದೇ ಅರಗು. ಪಾಂಡವರನ್ನು ಸುಡಲು ದುರ್ಯೋಧನ ಕಟ್ಟಿಸಿದ ಮನೆಯೂ ಇದರದ್ದೇ. ಬಾಗಿಲಿಗೆ ಹೊಡೆಯುವ ಪಾಲಿಶ್‌ಗೆ ಬಡಗಿಗಳು ಈ ಅರಗನ್ನೇ ಸ್ಪಿರಿಟ್‌ನಲ್ಲಿ ಕರಗಿಸುತ್ತಾರೆ. ಹಾಗಾಗಿ ಮನೆಯಲ್ಲಿ ಇಂಥ ತಟ್ಟೆ ಇದ್ದರೆ ದಯವಿಟ್ಟು ಸ್ಪಿರಿಟ್ ಹಾಕಿ ಒರೆಸಬೇಡಿ. ಗೆರೆಗಳೇ ಕರಗಿ ಹೋಗುತ್ತವೆ. ಆಮೇಲೆ ಬಂದ ಪ್ಲಾಸ್ಟಿಕ್ ತಟ್ಟೆ, ಅಂದರೆ ಎಲ್‌ಪಿ, ಒರೆಸಲೆಂದು ಮಾರುವ ಎಷ್ಟೋ ದ್ರವಗಳಲ್ಲೂ ಸ್ಪಿರಿಟ್ ಇರುತ್ತದೆ, ನೋಡಿ ತಗೊಳ್ಳಿ.

ಕಲ್ಕತ್ತೆಯಲ್ಲಿ 1902ರಲ್ಲಿ ಗೌಹರ್ ಜಾನ್ ಎಂಬ ಹೆಸರಾಂತ ಗಾಯಕಿ ಇಂಥ ರೆಕಾರ್ಡಿಗೆ ಹಾಡಿದರು. ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆ ಒತ್ತುತ್ತಿದ್ದದ್ದು ದೂರದ ಜರ್ಮನಿಯಲ್ಲಿ. ಅಲ್ಲಿ ಯಾರ ಹಾಡು ಯಾವುದೆಂದು ಗುರುತು ತಪ್ಪಬಾರದು ಅಂತ ಈ ಏರ್ಪಾಡು. ಕೊನೆಗಾಲದಲ್ಲಿ ಅವರು ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಈ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ, ಅಷ್ಟೇ. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಬೇಕು. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು ಹರೆಯದಲ್ಲಿ ಹೀಗೇ ಹಾಡಿದರು. ಆಲಾಪಕ್ಕೆ ಜಾಗವಿಲ್ಲ, ಬಾಯಿ ತೆರೆದ ಕೂಡಲೇ ರಾಗದ ಮುಖ ಕಾಣಿಸಬೇಕು. ಅದೂ ಒಂದು ದೊಡ್ಡ ವಿದ್ಯೆಯೇ. ಅವನ್ನು ಫೋನಿನಲ್ಲಿ ಸಾಲಾಗಿ ಹಾಕಿ ಕೇಳಿದರೆ ಎಲ್ಲಾ ಒಂದೇ ಥರ ಅನ್ನಿಸುತ್ತದೆ. ಒಂದು ಹಾಡು ಮುಗಿದ ಮೇಲೆ ಎದ್ದು, ತಟ್ಟೆ ತಿರುಗಿಸಿ, ಮತ್ತೆ ಮುಳ್ಳು ಇಟ್ಟು ಕೇಳಿ. ಆಗ ಒಂದೊಂದೂ ಬೇರೆಯಾಗಿ ನಿಲ್ಲುತ್ತದೆ.

ಎಲ್‌ಪಿ ಬಂದದ್ದು 1948ರಲ್ಲಿ, ಅಮೆರಿಕದಲ್ಲಿ. ನಿಮಿಷಕ್ಕೆ 33 ಸುತ್ತು ಮತ್ತು ಮೂರನೇ ಒಂದು ಭಾಗ. ಗೆರೆ ಸಣ್ಣದಾಯಿತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಸಿಕ್ಕಿತು. ರಾಗವನ್ನು ನಿಧಾನವಾಗಿ ಬೆಳೆಸುವ ಹಿಂದೂಸ್ತಾನಿ ಖ್ಯಾಲ್‌ಗೆ ಇದು ದೊಡ್ಡ ವರ. ಭೀಮಸೇನ ಜೋಶಿಯವರು ನಿಧಾನದ ವಿಲಂಬಿತದಲ್ಲಿ ಶುರು ಮಾಡಿ, ಆರಾಮಾಗಿ ಬೆಳೆಸಿ, ವೇಗದ ದ್ರುತ್‌ಗೆ ಬರುವುದಕ್ಕೆ ಒಂದು ಮಗ್ಗುಲು ಸಾಕಾಗುತ್ತಿತ್ತು.

ಈಗ ದನಿಯ ಮಾತು. ಎಲ್‌ಪಿಯ ದನಿ ತುಂಬಿ ಬರುತ್ತದೆ, ಸಿಡಿಯದು ಒಣಒಣ ಅನ್ನುವವರು ಬಹಳ. ಲೆಕ್ಕ ಬೇರೆಯೇ ಹೇಳುತ್ತದೆ. ಸಿಡಿ 1982ರಲ್ಲಿ ಬಂತು, ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು ಬರೆದಿಡುತ್ತದೆ. ತೀರ ಮೆಲ್ಲಗಿನ ಸದ್ದಿನಿಂದ ತೀರ ಜೋರಿನವರೆಗೆ 96 ಡೆಸಿಬಲ್ ಅಂತರ ಹಿಡಿಯುತ್ತದೆ. ಎಲ್‌ಪಿಗೆ 70ರ ಆಸುಪಾಸು ಮುಟ್ಟಿದರೆ ಹೆಚ್ಚು. ಇನ್ನೊಂದು ತೊಂದರೆ ಇದೆ. ಎಲ್‌ಪಿಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾಯುತ್ತದೆ. ಒಳಗೆ ಲೇಬಲ್ಲಿನ ಹತ್ತಿರ ಬಂದಾಗ ಬರೀ 20 ಚಿಲ್ಲರೆ. ಅಷ್ಟೇ ಹಾಡನ್ನು ಕಡಿಮೆ ಜಾಗದಲ್ಲಿ ಅಡಕಬೇಕು. ನಮ್ಮ ಸಂಗೀತದಲ್ಲಿ ತಾನುಗಳು, ಅಂದರೆ ವೇಗದ ಸ್ವರಗಳ ಓಟ, ಉಕ್ಕುವುದು ಕೊನೆಗೇ, ಅಲ್ವಾ? ಸರಿಯಾಗಿ ಅಲ್ಲೇ ದನಿ ಸ್ವಲ್ಪ ಕಲಸುತ್ತದೆ. ಈಗ ಬರುವ ಹೊಸ ಎಲ್‌ಪಿಗಳಂತೂ ಬಹುಪಾಲು ಡಿಜಿಟಲ್ ಮೂಲದಿಂದಲೇ ತಯಾರಾಗುತ್ತವೆ. ದನಿಗಾಗಿ ಅಂತಲೇ ಅಷ್ಟು ದುಡ್ಡು ಕೊಡುವ ಮುಂಚೆ ಯೋಚನೆ ಮಾಡಿ.

ಹಳೆಯ ಎಲ್‌ಪಿಯ ಮಾತು ಬೇರೆ. ಅದೇ ಹಾಡನ್ನು ಸಿಡಿಗೆ ಇಳಿಸುವಾಗ ಎಷ್ಟೋ ಸಲ 'ಸ್‌ಸ್' ಅನ್ನುವ ಸದ್ದು ತೆಗೆಯಲು ಹೋಗಿ ಮೇಲಿನ ಸ್ವರಾಂಶಗಳನ್ನೂ ತೆಗೆದುಬಿಟ್ಟಿದ್ದಾರೆ. ತಂಬೂರಿಯ ಜವಾರಿ, ಅಂದರೆ ಅದರ ತಂತಿಯ ಝೇಂಕಾರ, ಇರುವುದೇ ಆ ಮೇಲಿನ ಅಂಶಗಳಲ್ಲಿ. ಸದ್ದು ಹೋಯಿತು, ತಂಬೂರಿಯ ಝೇಂಕಾರವೂ ಹೋಯಿತು. ಅಂಥ ಕಡೆ ನಾನು ಕಣ್ಣು ಮುಚ್ಚಿ ಹಳೆಯ ಎಲ್‌ಪಿಯನ್ನೇ ಆರಿಸುತ್ತೇನೆ, ಚಟಪಟ ಸದ್ದು ಬಂದರೂ ಸರಿ.

ಆದರೆ ನಮ್ಮೂರಲ್ಲಿ ಎಲ್‌ಪಿ ಸಾಕುವುದು ಸುಲಭವಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಮಾಡಿನ ಕೆಳಗೆ, ಅಟ್ಟದ ಮೇಲೆ, ನಿಲ್ಲಿಸಿದ ಕಾರಿನಲ್ಲಿ ಇಟ್ಟರೆ ಹಪ್ಪಳದ ಹಾಗೆ ಡೊಂಕಾಗುತ್ತದೆ. ಒಂದರ ಮೇಲೊಂದು ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ. ಧೂಳಿನ ಬಗ್ಗೆ ನಿಮಗೆ ಹೇಳಬೇಕಿಲ್ಲ. ಅದಿರಿನ ಕೆಂಪು ಧೂಳು ಗೆರೆಯಲ್ಲಿ ಕೂತರೆ ಮುಳ್ಳು ಅದನ್ನು ಉಜ್ಜುತ್ತಾ ಹೋಗುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಹಾಕಿ, ಮೆತ್ತನೆ ಬಟ್ಟೆಯಿಂದ ಗೆರೆ ಹೋದ ದಿಕ್ಕಿಗೇ ಒರೆಸಿ. ಲೇಬಲ್ ಒದ್ದೆಯಾಗದಂತೆ ನೋಡಿಕೊಳ್ಳಿ. ಮತ್ತೆ ಬರೀ ನೀರಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ.

ಫೋನಿನ ಬಗ್ಗೆ ನನಗೆ ಸಿಟ್ಟಿಲ್ಲ. 128 ಕೆಬಿಪಿಎಸ್‌ನ, ಅಂದರೆ ಸೆಕೆಂಡಿಗೆ 128 ಕಿಲೋಬಿಟ್‌ನ, ಹಳೆಯ ಎಂಪಿ3 ಫೈಲು ಸಿಡಿಯ ಹನ್ನೊಂದನೇ ಒಂದು ಭಾಗದಷ್ಟೇ ಮಾಹಿತಿ ಇಟ್ಟುಕೊಳ್ಳುತ್ತದೆ, ನಿಜ. ಈಗಿನ ಆ್ಯಪ್‌ಗಳಲ್ಲಿ ಅದಕ್ಕಿಂತ ಬಹಳ ಒಳ್ಳೆಯದು ಸಿಗುತ್ತದೆ. ಒಂದು ಒಳ್ಳೆಯ ಸ್ಪೀಕರಿಗೆ ದುಡ್ಡು ಹಾಕಿ, ಸಾಕು.

ಈಗ ಕ್ಯಾಸೆಟ್ಟಿಗೆ ಬರುತ್ತೇನೆ. ಇಷ್ಟು ಹೊತ್ತು ಹೇಳಿದ ತಟ್ಟೆಗಳನ್ನೆಲ್ಲ ಒತ್ತುತ್ತಿದ್ದದ್ದು ಕಂಪನಿಗಳು, ಕಲ್ಕತ್ತೆ ಹತ್ತಿರದ ಡಮ್ ಡಮ್‌ನಂಥ ದೂರದ ಊರಿನ ಕಾರ್ಖಾನೆಗಳಲ್ಲಿ. ಯಾವ ಹಾಡು ತಟ್ಟೆಯಾಗಬೇಕು ಅನ್ನುವುದು ಅವರ ಲೆಕ್ಕ. ನಮ್ಮ ಹಳ್ಳಿಯ ತತ್ವಪದ, ದೊಡ್ಡಾಟ, ಬೀಸುವ ಪದ ಆ ಲೆಕ್ಕಕ್ಕೆ ಬರುತ್ತಿದ್ದದ್ದು ತೀರ ಕಡಿಮೆ. ಸಂಡೂರು ಸೀಮೆಯ ದರೋಜಿ ಈರಮ್ಮನವರನ್ನು ನೆನೆಯಿರಿ. ಓದು ಬರಹ ಕಲಿಯದ ಆ ತಾಯಿ ರಾತ್ರಿ ರಾತ್ರಿ ಹಾಡುವಷ್ಟು ಉದ್ದದ ಬುರ್ರಕಥೆಗಳನ್ನು ಬಾಯಲ್ಲಿ ಇಟ್ಟುಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ಅಂಥ ಕಥೆ ಮೂರು ನಿಮಿಷದ ತಟ್ಟೆಗೆ ಹೇಗೆ ಇಳಿಯಬೇಕು? ಇಪ್ಪತ್ತು ನಿಮಿಷಕ್ಕೂ ಇಳಿಯುವುದಿಲ್ಲ.

1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದಿತು. ನಮ್ಮ ಹಳ್ಳಿಗಳಿಗೆ ಅದು ಮುಟ್ಟಿದ ಮೇಲೆ, ಟೇಪ್ ರೆಕಾರ್ಡರ್ ಇದ್ದ ಯಾರು ಬೇಕಾದರೂ ಮೈಕಿನ ಮುಂದೆ ಅದನ್ನಿಟ್ಟು ಗುಂಡಿ ಒತ್ತಬಹುದಾಯಿತು. ದೊಡ್ಡಾಟ ಬೆಳಗಿನವರೆಗೂ ನಡೆದರೆ ಕ್ಯಾಸೆಟ್ ಬದಲಿಸುತ್ತಾ ಹೋದರಾಯಿತು. ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಮನೆಗಳ ಟ್ರಂಕಿನಲ್ಲಿ ಇಂಥವು ಇನ್ನೂ ಬಿದ್ದಿವೆ. ಅವುಗಳ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಎಲ್‌ಪಿಗೆ ಸಾವಿರ ಪ್ರತಿ ಇರುತ್ತದೆ, ಒಂದು ಡೊಂಕಾದರೆ ಇನ್ನೊಂದು ಸಿಕ್ಕೀತು. ಮೇಲಾಗಿ ಕ್ಯಾಸೆಟ್ ತಾನಾಗೇ ಸಾಯುತ್ತದೆ. ಟೇಪು ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಐರನ್ ಆಕ್ಸೈಡ್ ಪುಡಿ. ನಮ್ಮ ಸಂಡೂರಿನ ಅದಿರಿನಲ್ಲಿ ಇರುವುದೂ ಅದೇ, ಹರಳಿನ ಕಟ್ಟು ಮಾತ್ರ ಬೇರೆ. ಅಂಟು ಹಳೆಯದಾದಂತೆ ಪುಡಿ ಉದುರುತ್ತದೆ. ಉದುರಿದ ಪುಡಿಯ ಜೊತೆಗೆ ಹಾಡೂ ಹೋಗುತ್ತದೆ.

ಈ ಕ್ಯಾಸೆಟ್ ನಮ್ಮ ಮನೆಯದು. ಕೇಳಿ. ನಮ್ಮ ಅಜ್ಜಿ ಬೀಸುವ ಪದ ಹೇಳುತ್ತಿದ್ದಾರೆ, ಹಿಂದೆ ಕಲ್ಲಿನ ಸದ್ದಿದೆ. ಈಗ ನೋಡಿ, ನಡುವೆ ಒಮ್ಮೆಲೇ ಸಿನಿಮಾ ಹಾಡು ಬಂತು. ಮನೆಯಲ್ಲಿ ಯಾರೋ ಅದರ ಮೇಲೇ ತುಂಬಿಸಿದ್ದಾರೆ. ಉಳಿದ ಪದ ಇನ್ನು ಸಿಗುವುದಿಲ್ಲ. ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಅವನ್ನು ಮುರಿದರೆ ಮೇಲೆ ರೆಕಾರ್ಡ್ ಆಗುವುದಿಲ್ಲ. ಇವತ್ತು ಮನೆಗೆ ಹೋದ ಕೂಡಲೇ ಮೊದಲು ಆ ಕೆಲಸ ಮಾಡಿ.

ಆಮೇಲೆ ಕಂಪ್ಯೂಟರಿಗೆ ಇಳಿಸಿ. ಮೊದಲು ಡೆಕ್ಕಿನ, ಅಂದರೆ ಕ್ಯಾಸೆಟ್ ಹಾಕುವ ಯಂತ್ರದ, ಟೇಪು ತಾಗುವ ಹೆಡ್ಡನ್ನು ಹತ್ತಿಗೆ ಐಸೋಪ್ರೊಪಿಲ್ ಸ್ಪಿರಿಟ್ ಹಚ್ಚಿ ಒರೆಸಿ, ಕಂದು ಪುಡಿ ಬರುತ್ತದೆ. ಕ್ಯಾಸೆಟ್ಟನ್ನು ಒಂದು ಸಲ ಪೂರ್ತಿ ಮುಂದೆ ಓಡಿಸಿ, ಹಿಂದೆ ಸುತ್ತಿ. ದನಿ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿ. ತಾಳದ ಸದ್ದು ಗಣಗಣ ಅಂತ ಬಿಚ್ಚಿಕೊಳ್ಳುವ ಜಾಗ ಒಂದಿರುತ್ತದೆ, ಅಲ್ಲಿ ನಿಲ್ಲಿಸಿ. ಎಂಪಿ3 ಬೇಡ, ದನಿಯನ್ನು ಕುಗ್ಗಿಸದ ವೇವ್ ಫೈಲ್ ಮಾಡಿ. ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ, ಒಂದು ಗಂಟೆಯ ಕ್ಯಾಸೆಟ್ಟಿಗೆ 600 ಎಂಬಿ ಚಿಲ್ಲರೆ. ಇವತ್ತಿನ ಪೆನ್‌ಡ್ರೈವಿಗೆ ಅದು ಏನೂ ಅಲ್ಲ. ಎರಡು ಕಡೆ ಇಟ್ಟುಕೊಳ್ಳಿ, ಮೂಲ ಕ್ಯಾಸೆಟ್ ಎಸೆಯಬೇಡಿ. ಗೌಹರ್ ಜಾನ್ ತಮ್ಮ ಹೆಸರು ತಾವೇ ಹೇಳಿ ಉಳಿಸಿಕೊಂಡರು, ನಮ್ಮ ಕ್ಯಾಸೆಟ್ಟುಗಳಲ್ಲಿ ಹಾಡಿದವರ ಹೆಸರೇ ಇರುವುದಿಲ್ಲ. ದನಿ ಗುರುತಿಸುವ ಹಿರಿಯರು ಇರುವಾಗಲೇ ಕೂರಿಸಿ ಕೇಳಿಸಿ. ಯಾರು, ಯಾವ ಊರು, ಯಾವ ಜಾತ್ರೆ ಅಂತ ಬರೆದಿಡಿ.

ಹಿಂದಿನ ಮೇಜಿನ ಮೇಲೆ ಡೆಕ್ಕು, ಕಂಪ್ಯೂಟರು ಜೋಡಿಸಿಟ್ಟಿದ್ದೇನೆ. ಕ್ಯಾಸೆಟ್ ತಂದವರು ಅಲ್ಲಿಗೆ ಬನ್ನಿ, ಒಂದನ್ನು ಇಳಿಸಿ ತೋರಿಸುತ್ತೇನೆ. ಕ್ಯಾಸೆಟ್ ಮನೆಯಲ್ಲೇ ಬಿಟ್ಟು ಬಂದವರು ನಿಮ್ಮ ಊರು, ಕ್ಯಾಸೆಟ್ಟಿನಲ್ಲಿ ಏನಿದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಅದಕ್ಕೆ ಮುಂಚೆ ಪ್ರಶ್ನೆಗಳಿದ್ದರೆ ಕೇಳಿ.